ಅತ್ತೆಗೆ ಉಣಿಸಿದ ಕೈ

"ಯಾವಾಗ ಬಂದಿತ್ತು ಶಿವನೇ, ಯಾವಾಗ ಹೋಯ್ತು?"

ಹೊಸದುರ್ಗದ ಆಸ್ಪತ್ರೆಯ ನಲ್ಲಿಯಡಿ ನೆಲ ಒರೆಸುವ ಬಟ್ಟೆ ಹಿಂಡುತ್ತ ಆಯಾ ನಿಂಗಕ್ಕ ಕೇಳಿದಳು. ಸುತ್ತ ಯಾರೂ ಇರಲಿಲ್ಲ.

ಲಸಿಕೆ ಇನ್ನೂ ಬಂದಿರದ ದಿನಗಳು. ಎಷ್ಟು ಮಂದಿಗೆ ಕೊರೋನಾ ತಿಳಿಯದೆಯೇ ಬಂದು ಹೋಗಿದೆಯೆಂದು ನೋಡಲು, ಡಾಕ್ಟರಿಂದ ಆಯಾಗಳವರೆಗೆ ಎಲ್ಲರ ರಕ್ತ ತೆಗೆದಿದ್ದರು. ಲ್ಯಾಬಿನ ಓಬಳೇಶ್ ಆಗಷ್ಟೇ ನಗುತ್ತ ಹೇಳಿ ಹೋಗಿದ್ದ.

"ನಿಂಗಕ್ಕ, ನೀನು ಪಾಸು ಕಣಕ್ಕ! ರಕ್ತದಾಗೆ ಆಂಟಿಬಾಡಿ ಐತೆ. ನಮ್ಮಲ್ಲಿ ಮೂವರಿಗೊಬ್ರು ಹಿಂಗೇ. ಕೊರೋನಾ ಬಂದು, ನಿನ್ನ ಕಂಡು ಹೆದರಿ ಓಡೈತೆ."

"ನಂಗೆ ಜ್ವರಾನೇ ಬರ್ಲಿಲ್ವಲ್ಲಪ್ಪ?"

"ಬರ್ದಿದ್ರೂ ಅಂಟಿರ್ತೈತೆ. ಬೇರೇರಿಗೆ ಅಂಟ್ಸೂ ಇರ್ತೀಯ. ಯಾವಾಗ ಅಂತ ಮಾತ್ರ ರಕ್ತ ಹೇಳಲ್ಲ."

ಶ್ರಾವಣದಲ್ಲಿ ಅತ್ತೆ ಏಕಾಂತಮ್ಮ ಜಾರಿ ಬಿದ್ದು ಹಾಸಿಗೆ ಹಿಡಿದಾಗ, ಮಾಡದಕೆರೆಯ ಮನೆಯವರೆಲ್ಲ ಕೂಡಿ ತೀರ್ಮಾನಿಸಿದ್ದರು: ನಿಂಗಕ್ಕನ ಹೊರತು ಯಾರೂ ಹತ್ತಿರ ಹೋಗಬಾರದು. ಆಸ್ಪತ್ರೆಯ ಕೈ, ದಿನವೂ ಔಷಧಿಯಲ್ಲಿ ತೊಳೆದ ಕೈ. ಆ ಕೈಯಿಂದಲೇ ಅವಳು ಗಂಜಿ ಉಣಿಸಿದಳು. ಗುಟುಕಿಗೊಮ್ಮೆ ಅತ್ತೆ ಶಿವಶಿವ ಎನ್ನುತ್ತಿದ್ದರು.

ಚಿಕ್ಕಜಾಜೂರಿನಲ್ಲಿ ರೈಲ್ವೆ ಕೆಲಸದಲ್ಲಿದ್ದ ಮೈದುನ ಮಾರುತೇಶ್ ಒಮ್ಮೆ ಬಂದಿದ್ದ. ಹೊಸ್ತಿಲಾಚೆಯೇ ನಿಂತು ಅವ್ವನನ್ನು ಮಾತಾಡಿಸಿ, ಸೀಬೆಹಣ್ಣು ಇಟ್ಟು ಹೋದ. ಆಮೇಲೆ ಅತ್ತೆಗೂ ಜ್ವರ, ಅವನಿಗೂ ಜ್ವರ. ಅವನು ಉಳಿದ, ಅತ್ತೆ ಉಳಿಯಲಿಲ್ಲ. ಅವ್ವನನ್ನು ಕೊಂದವನು ಎಂದಿತು ಊರು, ಮಣ್ಣಿಗೂ ಬರಗೊಡಲಿಲ್ಲ.

ಆ ಸಂಜೆ ಆಸ್ಪತ್ರೆಯಿಂದ ಬಂದ ನಿಂಗಕ್ಕ ಹೇಳಿದ್ದನ್ನೆಲ್ಲ ಕೇಳಿದ ಗಂಡ ಚಿತ್ರಲಿಂಗಪ್ಪ ಎದ್ದು ಬಾಗಿಲು ಮುಂದಕ್ಕೆಳೆದ.

"ಬಾಯಿ ಬಿಡಬ್ಯಾಡ ಮಾರಾಯ್ತಿ. ಅವ್ನ ಹೆಸ್ರು ಹೆಂಗೂ ಕೆಟ್ಟೈತೆ. ನಿಂದೂ ಯಾಕೆ?"

ಅವಳು ಆಗಲೇ ಫೋನು ಹಚ್ಚಿದ್ದಳು.

"ಮಾರುತೇಶ, ಅವ್ವಂಗೆ ನನ್ನಿಂದ್ಲೇ ಬಂದಿರ್ಬೋದು ಕಣಪ್ಪ. ನಂಗೂ ಬಂದು ಹೋಗೈತಂತೆ, ರಕ್ತ ನೋಡಿ ಹೇಳಿದ್ರು. ಅಮಾಸೆಗೆ ಸಮಾಧಿಗೆ ಎಡೆ ಇಡ್ತೀವಿ. ನೀನೇ ಬಂದು ಇಡಪ್ಪ."

ಅತ್ತ ಗೂಡ್ಸ್ ರೈಲೊಂದು ಹಾದುಹೋಯಿತು.

"ಅತ್ತಿಗೆ, ಹೊಸ್ತಿಲು ದಾಟ್ಲಿಲ್ಲ, ನೀರು ಸೈತ ಮುಟ್ಲಿಲ್ಲ ಅಂತ ಊರೋರು ಮಣ್ಣಿಗೆ ಬಿಡ್ದೆ ತಡೆದಾಗ ಆಣೆ ಮಾಡಿ ಹೇಳ್ದೆ. ಯಾರೂ ನಂಬ್ಲಿಲ್ಲ. ನೀವೂ ಅಲ್ಲೇ ನಿಂತಿದ್ರಿ. ಈಗ ರಕ್ತ ಹೇಳ್ತು ಅಂತ ಕರೀತೀರಿ. ನಾನು ಬರಲ್ಲ."