ಹದಿನೇಳನೇ ನಂಬರಿನ ಹೆಜ್ಜೆಗಳು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅಂತ ಮನೆಯಲ್ಲೂ ಹೇಳ್ತಾರೆ, ಆಫೀಸಿನಲ್ಲೂ ಹೇಳ್ತಾರೆ. ಇರಲಿ. ಎರಡು ವರ್ಷ ಬೆವರು ಸುರಿಸಿದ ಅಧ್ಯಯನವನ್ನು "ಇನ್ನೂ ತಿದ್ದಿ ತನ್ನಿ" ಅಂತ ಸಮಿತಿಯವರು ವಾಪಸ್ ಕಳಿಸಿದರೆ ಯಾರಿಗೆ ತಾನೇ ಉರಿಯಲ್ಲ? ಅರವತ್ತೈದು ದಾಟಿದ ಇಪ್ಪತ್ತನಾಲ್ಕು ಜನ ದಿನಾ ಬೆಳಿಗ್ಗೆ ಕೆರೆದಂಡೆಯ ಮೇಲೆ ನಡೀಬೇಕು. ಅದರಿಂದ ಅವರ ನಿದ್ದೆ, ಕಾಲಿನ ಬಲ, ಮನಸ್ಸು ಎಷ್ಟು ಸುಧಾರಿಸಿತು ಅಂತ ನಾನು ಅಳೀಬೇಕು. ಒಬ್ಬೊಬ್ಬರ ಕಾಲಿಗೂ ಹೆಜ್ಜೆ ಎಣಿಸುವ ಪುಟ್ಟ ಯಂತ್ರ. ಒಂದು ವಾರ ಯಂತ್ರ ಸುಮ್ಮನಿದ್ದರೆ ಪಟ್ಟಿಯಿಂದ ಹೆಸರು ತೆಗೆಯೋದು. ಆ ನಿಯಮ ಬರೆದವಳು ನಾನೇ.

ತಿದ್ದೋಕೆ ಕೂತಾಗ ಹದಿನೇಳನೇ ನಂಬರು ಕಣ್ಣಿಗೆ ಬಿತ್ತು. ಸೋಮವಾರ ದಾಪುಗಾಲು. ಮಂಗಳವಾರ ಪುಟಪುಟ ಓಟ. ಬುಧವಾರ ನಾಲ್ಕು ಹೆಜ್ಜೆ ಹಾಕಿ ನಿಲ್ಲೋದು, ಮತ್ತೆ ನಾಲ್ಕು. ಕಂಪ್ಯೂಟರಿನಲ್ಲಿ ಆ ಗೆರೆಗಳನ್ನೇ ನೋಡ್ತಾ ನೋಡ್ತಾ ನನಗೆ ಮಂಪರು ಹತ್ತಿತು. ಗೆರೆ ಕೆರೆದಂಡೆಯಾಯಿತು, ಅದರ ಮೇಲೆ ಮಂಜು ಇಳಿಯಿತು, ಮಂಜಿನೊಳಗೆ ಯಾರೋ ದಿನಕ್ಕೊಂದು ಬೇರೆ ಕಾಲು ಹಾಕಿಕೊಂಡು ಸದ್ದಿಲ್ಲದೆ ಹೋಗ್ತಾ ಇದ್ದರು. ಬೆಚ್ಚಿ ಎದ್ದೆ.

ಮರುದಿನ ಬೆಳಿಗ್ಗೆ ಕೆರೆಗೇ ಹೋದೆ. ನೀರು ಯಾವುದು, ಆಕಾಶ ಯಾವುದು ಗೊತ್ತಾಗದಷ್ಟು ಮಂಜು. ಬಸ್ ಓಡಿಸಿ ನಿವೃತ್ತರಾದ ಡ್ರೈವರ್ ತಾತ ಬೆಂಚಿನ ಮೇಲೆ ಕೂತು ಎರಡನೇ ಕಾಲಿಗೂ ಯಂತ್ರ ಕಟ್ಟಿಕೊಳ್ತಾ ಇದ್ದರು.

"ಇದೇನು ತಾತ, ಕಾಲಿಗೊಂದು?"

"ಇದು ಟೈಲರಮ್ಮಂದು, ಹದಿನೇಳನೇ ನಂಬರು," ಅಂದರು, ಒಂಚೂರೂ ಅಳುಕಿಲ್ಲದೆ. "ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರ್ಕೊಂಡ್ರಲ್ಲ, ತಿಂಗಳಾಯ್ತು. ನೀನು ಹೆಸರು ಹೊಡೆದುಹಾಕ್ತೀಯ ಅಂತ ಸರದಿ ಮೇಲೆ ನಾವೇ ಅವರದ್ದೂ ನಡೀತಿದ್ದೀವಿ. ಮೋಸ ಇಲ್ಲಮ್ಮ! ಕೈಯಲ್ಲಿ ಹಿಡ್ಕೊಂಡು ಅಲ್ಲಾಡಿಸಿಲ್ಲ. ಪ್ರತಿ ಹೆಜ್ಜೆನೂ ನಡೆದೇ ಹಾಕಿದ್ದು."

"ಅಯ್ಯೋ ದೇವರೇ! ನನ್ನ ಎರಡು ವರ್ಷದ ಕೆಲಸಕ್ಕೆ ಎಳ್ಳುನೀರು ಬಿಟ್ರಲ್ಲ!" ಅಂತ ಕಿರುಚಿದೆ. ಪಕ್ಕದಲ್ಲಿದ್ದ ಹಳೇ ನರ್ಸಮ್ಮ ನನ್ನ ಬೆನ್ನು ಸವರಿ, "ಕೂಗಾಡಬೇಡ ಮಗಳೇ, ನಿನ್ನ ಬಿಪಿ ಯಾರು ಅಳೀತಾರೆ?" ಅಂದರು. ಎಲ್ಲರೂ ನಕ್ಕರು.

ಸಮಿತಿಯ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಆ ಲೆಕ್ಕ ಕಿತ್ತುಹಾಕಿ, ಯಂತ್ರ ವಾಪಸ್ ತನ್ನಿ ಅಂದರು. ಸರಿಯಾದ ಮಾತೇ.

ಸಂಜೆ ಐದಕ್ಕೆ ಟೈಲರಮ್ಮನ ಮನೆ ಮೆಟ್ಟಿಲು ಹತ್ತಿದೆ. ಎರಡನೇ ಮಹಡಿ. ಸೊಸೆ ಬಾಗಿಲು ತೆಗೆದಳು. ಹೊಲಿಗೆ ಮೆಷಿನ್ನಿಗೆ ಬಟ್ಟೆ ಹೊದಿಸಿತ್ತು, ಗೋಡೆ ತುಂಬಾ ದಾರದ ಉಂಡೆಗಳು. ಕಿಟಕಿ ಪಕ್ಕ ಮಲಗಿದ್ದ ಟೈಲರಮ್ಮ ಕಣ್ಣು ಮುಚ್ಚಿಕೊಂಡೇ ಮಾತಾಡಿದರು.

"ಹೆಸರು ಹೊಡಿಯೋಕೆ ಬಂದ್ಯಾ? ಕೂತ್ಕೋ. ಇವತ್ತು ಎರಡನೇ ಬೆಂಚಿಗೆ ಹಸಿರು ಬಣ್ಣ ಹೊಡೆದಿದ್ದಾರೆ, ಒಣಗಿಲ್ಲ. ನೀರು ಒಂದು ಮೆಟ್ಟಿಲು ಕೆಳಗಿಳಿದಿದೆ. ತಿರುವಿನಲ್ಲಿ ಮೂರು ಬಾತುಕೋಳಿ, ಒಂದಕ್ಕೆ ಕುಂಟು, ನನ್ನ ಹಾಗೆ."

ಹೊದಿಕೆಯ ಒಳಗೆ ಅವರ ಪಾದಗಳು ಮೆಲ್ಲಗೆ ಆಡ್ತಾ ಇದ್ದವು, ಒಂದಾದ ಮೇಲೊಂದು. ನೋಡ್ತಾ ನೋಡ್ತಾ ಕೋಣೆಯೊಳಗೇ ಮಂಜು ಬಂದ ಹಾಗಾಯಿತು ನನಗೆ.

"ಯಾರ ಸರದಿಯೋ ಅವರು ನಾಲ್ಕು ಗಂಟೆಗೆ ಯಂತ್ರ ವಾಪಸ್ ಕೊಡೋಕೆ ಬರ್ತಾರೆ. ದಾರಿ ಪೂರ್ತಿ ಹೇಳಿಯೇ ಹೋಗೋದು. ಹೆಸರು ಹೋದ್ರೆ ಹೋಗ್ಲಿ ಬಿಡು. ಯಂತ್ರ ಮಾತ್ರ ಒಯ್ಯಬೇಡ ಮಗಳೇ. ಅದಿಲ್ಲ ಅಂದ್ರೆ ಇಷ್ಟು ಮೆಟ್ಟಿಲು ಹತ್ತಿ ಅವರು ಯಾಕೆ ಬರ್ತಾರೆ?"

ಬಂದೇ ಬರ್ತಾರೆ ಅಂತ ಹೇಳೋಕೆ ನನಗೇನು ಗೊತ್ತು? ಯಂತ್ರವನ್ನು ಚೀಲಕ್ಕೆ ಹಾಕಿಕೊಂಡೆ. ಮೆಟ್ಟಿಲಿಳಿಯುವಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಬೆಳಿಗ್ಗೆ ಕೆರೆಯ ಹತ್ತಿರ ಎಲ್ಲರಿಗೂ ಹೇಳಿದೆ: ಹದಿನೇಳರ ಲೆಕ್ಕ ತೆಗೆದಾಯ್ತು, ಯಂತ್ರ ಬೀರುವಿನಲ್ಲಿದೆ, ಇನ್ನು ಸರದಿ ಇಲ್ಲ. ಡ್ರೈವರ್ ತಾತ ಮುಖ ತಿರುಗಿಸಿ ಮಂಜಿನೊಳಗೆ ನಡೆದುಬಿಟ್ಟರು. ಹಿಂದೆಯೇ ಉಳಿದವರೂ ಹೋದರು.

ಆಫೀಸಿಗೆ ಹೋಗಿ ಒಂದು ವಾರದ ನಿಯಮ ಅಳಿಸಿದೆ. ಕಾಯಿಲೆ ಬಿದ್ದವರ ಹೆಸರು ಪಟ್ಟಿಯಲ್ಲೇ ಇರಲಿ, ಅವರ ಪರಿಸ್ಥಿತಿಯನ್ನೂ ಬರೆದುಕೊಳ್ಳೋಣ ಅಂತ ಹಾಕಿದೆ. ಪ್ರಶ್ನೆಪಟ್ಟಿಗೆ ಹೊಸದೊಂದು ಸೇರಿಸಿದೆ: "ಇವತ್ತಿನ ನಡಿಗೆಯ ಬಗ್ಗೆ ಯಾರಿಗಾದರೂ ಹೇಳಿದಿರಾ?" ಸಮಿತಿಯವರು ಏನು ಬೇಕಾದರೂ ಅಂದುಕೊಳ್ಳಲಿ.

ಮಧ್ಯಾಹ್ನ ಮೂರೂವರೆಗೇ ಟೈಲರಮ್ಮನ ಮನೆಯಲ್ಲಿದ್ದೆ. ಅವರು ತಲೆ ಬಾಚಿಸಿಕೊಂಡು, ದಿಂಬಿಗೆ ಒರಗಿ ಬಾಗಿಲು ನೋಡ್ತಾ ಇದ್ದರು. ನಾಲ್ಕಾಯಿತು. ನಾಲ್ಕೂಕಾಲಾಯಿತು. "ವಯಸ್ಸಾದೋರು, ಕಾಲು ನೋವಿರುತ್ತೆ," ಅಂದರು, ನಾನೇನೋ ಕೇಳಿದ ಹಾಗೆ. ನಾಲ್ಕೂವರೆಗೆ ಮುಖವನ್ನು ಕಿಟಕಿ ಕಡೆ ತಿರುಗಿಸಿದರು.

ಆಗ ಬಾಗಿಲಲ್ಲಿ ಡ್ರೈವರ್ ತಾತ ಏದುಸಿರು ಬಿಡ್ತಾ ನಿಂತರು.

"ತಡ ಆಯ್ತು ಟೈಲರಮ್ಮ. ಕೆಳಗೆ ಜಗಳ. ಯಂತ್ರ ಇದ್ದಾಗ ಅದು ಯಾರ ಕಾಲಲ್ಲಿದೆಯೋ ಅವರೊಬ್ಬರೇ ಬರಬೇಕಿತ್ತು. ಈಗ ನಾನು ತಾನು ಅಂತ ಎಲ್ಲರೂ ಹೊರಟುಬಿಟ್ಟಿದ್ದಾರೆ."

ಅವರ ಹಿಂದೆ ಮೆಟ್ಟಿಲ ಮೇಲೆ ಸದ್ದು. ಒಬ್ಬರು ದಾಪುಗಾಲು, ಒಬ್ಬರು ಪುಟಪುಟ, ಇನ್ನೊಬ್ಬರು ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ಉಸಿರೆಳೆದುಕೊಂಡು. ನನಗೆ ಅಳು ತಡೆಯಲಾಗಲಿಲ್ಲ. ಟೈಲರಮ್ಮ ಮಾತ್ರ ಸೊಸೆಗೆ ಜೋರಾಗಿ ಕೂಗಿ ಹೇಳಿದರು, "ಏ, ಪಕ್ಕದ ಮನೆಯಿಂದ ಕುರ್ಚಿ ತಗೊಂಡು ಬಾರೇ, ಇದ್ದಷ್ಟೂ ತಗೊಂಡು ಬಾ!"