ಮಗುಚಿದ ಕಲ್ಲು

ಎತ್ತಿದ ಕಾಲನ್ನು ಉಜ್ಜನಪ್ಪ ಹಾಗೆಯೇ ಹಿಂದಕ್ಕೆ ತೆಗೆದುಕೊಂಡ.

"ಇದೇ ಕಲ್ಲೇನು?"

"ಇದೇ ಸ್ವಾಮಿ. ನಾನೇ ಕೂರಿಸಿದ್ದು," ಎಂದ ಮೇಸ್ತ್ರಿ ಧರ್ಮಪ್ಪ.

ಭದ್ರಾವತಿಯ ಜನ್ನಾಪುರದ ಆ ಹೊಸ ಮನೆಗೆ ಇದ್ದದ್ದು ಒಂದೇ ಮೆಟ್ಟಿಲು. ಶಿವಮೊಗ್ಗದ ಹಳೆಯ ಪೇಟೆ ಹೆಬ್ಬಾಗಿಲನ್ನು ರಸ್ತೆಗಾಗಿ ಕೆಡವಿದಾಗ ಕಲ್ಲುಗಳೆಲ್ಲ ಗಾಡಿಯೇರಿ ಇಲ್ಲಿಗೆ ಬಂದಿದ್ದವು. ಅವುಗಳಲ್ಲಿ ಶಾಸನದ ಕಲ್ಲೂ ಒಂದು. ಕಾಲೇಜಿನಲ್ಲಿ ಇತಿಹಾಸ ಹೇಳುವ ಉಜ್ಜನಪ್ಪ, ಬಾಗಿಲು ಇನ್ನೂ ನಿಂತಿದ್ದಾಗಲೇ, ಅದರ ಮೇಲಿನ ಐದು ಸಾಲು ಬರೆದುಕೊಂಡಿದ್ದ. ಉಳಿದೆರಡು ಆಗ ನೆಲದಲ್ಲಿ ಹೂತಿದ್ದವು. ಬಾಗಿಲು ಕಟ್ಟಿಸಿದವನ ಹೆಸರು ಅಲ್ಲಿರಬೇಕು. ಆರು ವರ್ಷ ಕೂತು ಬರೆದ ಊರಿನ ಚರಿತ್ರೆಯಲ್ಲಿ ಆ ಹೆಸರಿಗೆಂದು ಬೆರಳಗಲ ಜಾಗ ಬಿಟ್ಟಿದ್ದ.

"ಅಕ್ಷರ ಎಲ್ಲಿ?"

"ಕೆಳಗಿದಾವೆ. ಗಾಡಿ ಹೇರೋ ದಿನ ತಾವೇ ಅಲ್ವಾ ಬೈದಿದ್ದು? ಅಕ್ಷರ ಅಂದ್ರೆ ಸರಸ್ವತಿ, ಕಾಲು ತಾಗಿಸಬೇಡ್ರಯ್ಯ ಅಂದ್ರಿ. ಅದಕ್ಕೇ ಮಗುಚಿ ಹಾಕ್ದೆ. ಗಾರೆ ಗಟ್ಟಿಯಾಗಿದೆ, ನಮ್ಮ ಜನ್ಮದಲ್ಲಿ ಅಲ್ಲಾಡಲ್ಲ."

ಆ ದಿನವೇ ಓದಬಹುದಿತ್ತು. ಕಲ್ಲಿಗೆ ಮಣ್ಣು ಮೆತ್ತಿತ್ತು, ಕಾಲೇಜಿಗೆ ಹೊತ್ತಾಗಿತ್ತು. ನಾಳೆ ತೊಳೆಸಿದರಾಯಿತು ಎಂದುಕೊಂಡಿದ್ದ; ಅಷ್ಟರಲ್ಲಿ ಗಾಡಿ ಹೊರಟುಹೋಗಿತ್ತು.

"ಎಬ್ಬಿಸಿದರೆ?"

"ಒಡೆಯುತ್ತೆ. ಮನೆಯಮ್ಮನ್ನ ಕೇಳಿ ನೋಡಿ," ಧರ್ಮಪ್ಪ ನಕ್ಕ.

ಮನೆಯೊಡತಿ ಈಶ್ವರಮ್ಮ ಬಾಗಿಲಲ್ಲೇ ನಿಂತಿದ್ದಳು. "ಮೊನ್ನೆ ತಾನೆ ಹಾಲು ಉಕ್ಕಿಸಿದೀವಿ. ಮೆಟ್ಟಿಲು ಕೀಳ್ತೀನಿ ಅಂತೀರಲ್ಲ ಮಾರಾಯ್ರೆ. ಅದರಲ್ಲಿರೋದು ನಿಮ್ಮೋರ ಹೆಸರಾ?"

"ಅಲ್ಲ."

"ಮತ್ತ್ಯಾರದು?"

"ಗೊತ್ತಿಲ್ಲ."

ಆಕೆ ಅವನನ್ನೇ ನೋಡಿದಳು. ಕನಿಕರ ಬಂದಿರಬೇಕು. "ಬಿಸಿಲಲ್ಲಿ ನಿಂತಿದೀರಿ. ಒಳಗೆ ಬನ್ನಿ, ಮಜ್ಜಿಗೆ ಕೊಡ್ತೀನಿ."

ಒಳಗೆ ಹೋಗಬೇಕಾದರೆ ಕಲ್ಲು ತುಳಿಯಬೇಕು. ಉಜ್ಜನಪ್ಪ ಬೇಡವೆಂದ.

ಶಾಸನದ ಅಚ್ಚು ತೆಗೆಯಲು ತಂದ ಕಾಗದ, ಮಸಿಯನ್ನು ಹಾಗೇ ಒಯ್ಯುವುದು ಹೇಗೆ? ನೆಲದ ಮೇಲೆ ಕುಳಿತು ಚೀಲ ಬಿಚ್ಚಿದ. ಕಾಗದ ನೆನೆಸಿ ಕಲ್ಲಿನ ಬೆನ್ನ ಮೇಲೆ ಹಾಸಿದ. ಬ್ರಷ್ಷಿನಿಂದ ತಟ್ಟಿ ತಟ್ಟಿ ಕೂರಿಸಿದ. ಆರಲು ಬಿಟ್ಟು, ಮಸಿ ಒತ್ತಿದ.

"ಈ ಕಡೆ ಏನೂ ಇಲ್ಲ ಸ್ವಾಮಿ," ಧರ್ಮಪ್ಪ ಮೆಲ್ಲಗೆ ಹೇಳಿದ.

"ಗೊತ್ತು."

ಕಾಗದ ಎದ್ದು ಬಂತು. ಕಪ್ಪು, ನಡುನಡುವೆ ಉಳಿಯ ಬಿಳಿ ಗೀರುಗಳು. ಅದನ್ನು ಸುರುಳಿ ಸುತ್ತಿದ.

ಸಂಜೆಯ ರೈಲಿನಲ್ಲಿ ಕಾರ್ಖಾನೆಯ ಜನ ಕಿಕ್ಕಿರಿದಿದ್ದರು. ಕೂರಲು ಜಾಗವಿಲ್ಲ, ನೆಲದ ತುಂಬ ಕಾಲುಗಳು. ಅಕ್ಷರವೇ ಇಲ್ಲದ ಆ ಸುರುಳಿಗೆ ಯಾರ ಕಾಲೂ ತಾಗದಂತೆ, ಶಿವಮೊಗ್ಗ ಬರುವವರೆಗೂ, ಉಜ್ಜನಪ್ಪ ಅದನ್ನು ಎರಡೂ ಕೈಗಳಲ್ಲಿ ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದ.