ತಲೆಯ ಅಳತೆ

ನಮ್ಮೂರಿನ ವಿರುಪಾಕ್ಷಪ್ಪ ಸಾಹುಕಾರರ ಮರ್ಯಾದೆಯನ್ನು ಅವರ ಮನೆಯ ಎಮ್ಮೆಯೇ ತಿಂದು ಮುಗಿಸಿತು. ಸಾವಿರದ ಒಂಬೈನೂರ ತೊಂಬತ್ತೆರಡರ ಜನವರಿ ತಿಂಗಳು. ಅಥಣಿಯಿಂದ ಕಾಗವಾಡಕ್ಕೆ ಹೋಗುವ ದಾರಿಯಲ್ಲಿದೆ ನಮ್ಮೂರು. ಇಲ್ಲಿ ಇಪ್ಪತ್ತು ಎಕರೆ ದ್ರಾಕ್ಷಿ ಇದ್ದವನು ಸಾಹುಕಾರ, ಅದರ ಮೇಲೆ ವಿಮಾನವನ್ನೂ ಹತ್ತಿ ಬಂದವನು ಸಾಕ್ಷಾತ್ ದೇವೇಂದ್ರ. ವಿರುಪಾಕ್ಷಪ್ಪನವರು ಹಿಂದಿನ ವರ್ಷ ಬೆಳೆಗಾರರ ತಂಡದ ಜೊತೆ ಇಟಲಿಗೆ ಹೋಗಿ ಹನ್ನೆರಡು ದಿನ ದ್ರಾಕ್ಷಿ ನೋಡಿ ಬಂದಿದ್ದರು. ಅಲ್ಲಿಂದ ಎಷ್ಟು ಜ್ಞಾನ ತಂದರೆಂಬುದನ್ನು ಅವರ ತೋಟದ ಬೂದಿ ರೋಗವೇ ಹೇಳುತ್ತಿತ್ತು. ಆದರೆ ಒಂದು ಟೊಪ್ಪಿಗೆ ಮಾತ್ರ ತಂದಿದ್ದರು.

ಹುಲ್ಲಿನ ಟೊಪ್ಪಿಗೆ. ಸುತ್ತ ನಾಲ್ಕು ಬೆರಳಗಲದ ಅಂಚು, ನೆತ್ತಿಯ ಮೇಲೆ ಉದ್ದಕ್ಕೆ ಒಂದು ತಗ್ಗು, ಮುಂದೆ ಎರಡು ಬದಿಗೆ ಚಿವುಟಿದ ಗುರುತು, ನಡುವಿಗೆ ಕಪ್ಪು ರಿಬ್ಬನ್. ಅದನ್ನು ಹಾಕಿಕೊಂಡು ಅವರು ಫೋಟೋ ತೆಗೆಸಿದರು. ಬೆಳೆಗಾರರ ಸಂಘದವರು ಆ ಫೋಟೋವನ್ನು ಹೊಸ ವರ್ಷದ ಕ್ಯಾಲೆಂಡರಿನ ಮೇಲೆ ಅಚ್ಚು ಹಾಕಿ ಮನೆಮನೆಗೆ ಹಂಚಿದರು. ಇಷ್ಟು ವರ್ಷ ನಮಗೆ ಟೋಪಿ ಹಾಕಿದವರು ಕೊನೆಗೆ ತಾವೂ ಒಂದು ಹಾಕಿಕೊಂಡರಲ್ಲ ಎಂದು ಜನ ಸಮಾಧಾನಪಟ್ಟರು. ಕ್ಯಾಲೆಂಡರು ಹಂಚಿದ ಮರುವಾರ ಸಾಹುಕಾರರು ಹಾಲು ಕರೆಯುವುದನ್ನು ನೋಡಲು ಕೊಟ್ಟಿಗೆಗೆ ಹೋಗಿ, ಟೊಪ್ಪಿಗೆಯನ್ನು ಗೂಟಕ್ಕೆ ತಗುಲಿಸಿ ಮರೆತು ಬಂದರು. ಬೆಳಗಾಗುವುದರೊಳಗೆ ಗೂಟದ ಕೆಳಗೆ ರಿಬ್ಬನ್ ಒಂದು ಉಳಿದಿತ್ತು.

"ಹುಲ್ಲ ತಂದು ಎಮ್ಮಿ ಮುಂದ ಇಟ್ರ ಅದು ಇನ್ನೇನ್ ಮಾಡಬೇಕ್ರಿ? ಪೂಜಿ ಮಾಡಬೇಕೇನು?" ಎಂದು ಅವರ ಹೆಂಡತಿ ಚನ್ನವ್ವ ಕೇಳಿದ್ದು ಬೀದಿಗೆಲ್ಲ ಕೇಳಿಸಿತು.

ಫೆಬ್ರುವರಿ ಇಪ್ಪತ್ತಕ್ಕೆ ಅಥಣಿಯಲ್ಲಿ ಸಂಘದ ಸಭೆ, ಸಾಹುಕಾರರು ಅಧ್ಯಕ್ಷರಾಗುವವರಿದ್ದರು. ಮನೆಮನೆಯ ಗೋಡೆಯ ಮೇಲೆ ಟೊಪ್ಪಿಗೆ ಹಾಕಿಕೊಂಡು ನಗುತ್ತಿರುವ ಮನುಷ್ಯ ಸಭೆಗೆ ಬರಿದಲೆಯಲ್ಲಿ ಹೋಗುವುದುಂಟೇ? ನಿಪ್ಪಾಣಿ, ಮೀರಜ, ಕೊಲ್ಲಾಪುರ ಎಲ್ಲ ತಿರುಗಿದರು. ಗಾಂಧಿ ಟೊಪ್ಪಿಗೆ ಸಿಕ್ಕಿತು, ಕ್ರಿಕೆಟ್ ಟೊಪ್ಪಿಗೆ ಸಿಕ್ಕಿತು, ಮಕ್ಕಳ ಮಂಗನ ಟೊಪ್ಪಿಗೆಯೂ ಸಿಕ್ಕಿತು. ಕೊನೆಗೆ ನನ್ನನ್ನು ಕರೆಸಿದರು. ನಾನು ಊರ ಹೈಸ್ಕೂಲಿನ ಚಿತ್ರಕಲಾ ಮಾಸ್ತರ. ವರ್ಷವೆಲ್ಲ ಮಾವಿನಹಣ್ಣು ಬರೆಸುವವನಿಗೆ ಇಟಲಿಯ ಟೊಪ್ಪಿಗೆಯ ನಕ್ಷೆ ತೆಗೆಯುವ ಯೋಗ ಬಂತು.

ಕ್ಯಾಲೆಂಡರು ನೋಡಿ ಮೂರು ಚಿತ್ರ ಬರೆದೆ: ಎದುರಿನಿಂದ, ಬದಿಯಿಂದ, ಮೇಲಿನಿಂದ. ಫೋಟೋದಲ್ಲಿ ಕಾಣುತ್ತಿದ್ದದ್ದು ಎದುರಿನದೊಂದೇ. ಉಳಿದೆರಡು ನನ್ನ ಪ್ರತಿಭೆ. ಹೆಣೆಯುವವರು ಯಾರು ಎಂಬ ಪ್ರಶ್ನೆ ಬಂದಾಗ ತೋಟದ ಆಳು ರಾಜಾರಾಮ ತಲೆ ಕೆರೆದುಕೊಂಡು, "ನಮ್ಮಾಕಿ ಈಚಲ ಗರೀಲೆ ಚಾಪಿ, ಬುಟ್ಟಿ ಎಲ್ಲಾ ಹೆಣಿತಾಳ್ರಿ. ತೋರ್ಸಿ ನೋಡ್ರಿ" ಎಂದ.

ರಾಜಾರಾಮನ ಮನೆ ಹಳ್ಳದ ಆಚೆ, ಬೌದ್ಧರಾದ ದಲಿತರ ಓಣಿಯಲ್ಲಿ. ಬಾಗಿಲ ಮೇಲೆ ಬುದ್ಧನ ಫೋಟೋ, ಅಂಗಳದಲ್ಲಿ ಬೇವಿನ ಮರ, ಮರದ ಬುಡದಲ್ಲೊಂದು ಕಲ್ಲು. ಅವನ ಹೆಂಡತಿ ಅಕ್ಕುತಾಯಿ ನನ್ನ ಮೂರೂ ಚಿತ್ರಗಳನ್ನು ನೋಡಿ, ಎರಡನ್ನು ಮಡಿಚಿ ನನಗೇ ಕೊಟ್ಟಳು. ಕ್ಯಾಲೆಂಡರನ್ನೇ ಬಹಳ ಹೊತ್ತು ನೋಡಿದಳು.

"ಮುಂದ ಎರಡ ಕಡೆ ಚಿವುಟ್ಯಾರಲ್ರಿ, ಅದು ಚಂದಕ್ಕಲ್ರಿ ಮಾಸ್ತರ್ರ. ಹೆಬ್ಬಟ್ಟು ಒಂದ ಕಡೆ, ಎರಡ ಬಟ್ಟ ಒಂದ ಕಡೆ. ಹಿಡದು ಎತ್ತಾಕ" ಎಂದಳು.

ಹನ್ನೆರಡು ದಿನ ಇಟಲಿಯಲ್ಲಿದ್ದವರಿಗೂ, ಮೂರು ಚಿತ್ರ ಬರೆದವನಿಗೂ ಅದು ತಿಳಿದಿರಲಿಲ್ಲ. ಅವಳು ಒಳಗಿನಿಂದ ಚಹಾ ತಂದಳು. ನಾನು ಆಗಷ್ಟೇ ಕುಡಿದು ಬಂದಿದ್ದೆ, ಬೇಡ ಎಂದೆ.

ಅವಳು ಮೊದಲು ಗೋಧಿ ಹುಲ್ಲು ನೋಡಿದಳು, ಮುರಿಯಿತು. ಕಬ್ಬಿನ ಒಣ ಗರಿ ರವದಿ ನೋಡಿದಳು, ಬೆರಳು ಕೊಯ್ಯಿತು. ಕೊನೆಗೆ ಈಚಲು ಮರದ ನಡುವಿನ ಎಳೆಯ ಸುಳಿ ತರಿಸಿ, ಉಗುರಿನಿಂದ ನೂಲಿನಷ್ಟು ಸಣ್ಣಗೆ ಸೀಳಿ, ನೆರಳಲ್ಲಿ ಒಣಗಿಸಿದಳು. ಬಣ್ಣ ಹಸಿರುಹಳದಿ ಬಂತು. ಕ್ಯಾಲೆಂಡರಿನಲ್ಲಿ ಇದ್ದದ್ದು ಬೆಣ್ಣೆಯ ಬಣ್ಣ. ನಾನಾಗಿದ್ದರೆ ಬಣ್ಣದ ಡಬ್ಬಿ ತೆಗೆಯುತ್ತಿದ್ದೆ. ಅವಳು ಒಣದ್ರಾಕ್ಷಿ ಮಾಡುವ ಶೆಡ್ಡಿನಲ್ಲಿ ನಾಲ್ಕು ಸುಗ್ಗಿ ದುಡಿದವಳು. ದ್ರಾಕ್ಷಿ ಬಿಳುಪಾಗಲು ಗಂಧಕದ ಹೊಗೆ ಕೊಡುವುದನ್ನು ಕಂಡಿದ್ದಳು. ಗರಿಗೂ ಒಂದು ರಾತ್ರಿ ಅದೇ ಹೊಗೆ ಕೊಟ್ಟಳು. ಬೆಳಿಗ್ಗೆ ಗರಿ ಬೆಣ್ಣೆಯಂತೆ ಬೆಳ್ಳಗಿತ್ತು. ಆ ಗರಿಯ ಏಳೆಳೆಗಳನ್ನು ಸೇರಿಸಿ ಕಿರುಬೆರಳಗಲದ ಪಟ್ಟಿ ಹೆಣೆದಳು, ಹದಿನೆಂಟು ಮೊಳ. ಆ ಪಟ್ಟಿಯನ್ನು ನೆತ್ತಿಯ ನಡುವಿನಿಂದ ಸುತ್ತುತ್ತ ಹೊರಗೆ ಹೊಲಿಯುತ್ತ ಹೋಗಬೇಕು, ತಲೆಯ ಅಳತೆ ಬಂದಲ್ಲಿ ಕೆಳಗೆ ತಿರುಗಿಸಬೇಕು.

"ಅದಕ್ಕ ತಲಿ ನೋಡಬೇಕ್ರಿ" ಎಂದಳು.

ನಾನು ಹೋಗಿ ಸಾಹುಕಾರರಿಗೆ ಹೇಳಿದೆ. "ತಲಿ ಯಾಕ? ದಾರ ಒಯ್ರಿ" ಎಂದು ಅವರು ತಾವೇ ಗಾಂಧಿ ಟೊಪ್ಪಿಗೆಯ ಮೇಲೆ ದಾರ ಸುತ್ತಿ, ಎರಡು ಬೆರಳು ಸಡಿಲ ಬಿಟ್ಟು ಗಂಟು ಹಾಕಿದರು. ನಮ್ಮ ಕಡೆ ದೊಡ್ಡ ಮನುಷ್ಯನ ತಲೆ ದೊಡ್ಡದೇ ಇರಬೇಕು. ರುಮಾಲಿಗೆ ಬಟ್ಟೆ ಎಷ್ಟು ಹಿಡಿದರೆ ಅಷ್ಟು ಮಾನ. ಗರಿಗೆ ಆ ಮುಲಾಜಿಲ್ಲ. ಮೊದಲ ಟೊಪ್ಪಿಗೆ ಸಾಹುಕಾರರ ಮೂಗಿನವರೆಗೆ ಇಳಿದು, ಮೀಸೆಯ ಮೇಲೆ ವಿಶ್ರಾಂತಿ ತೆಗೆದುಕೊಂಡಿತು.

ಎರಡನೆಯ ಸಲ ಚನ್ನವ್ವನವರು ಅಡುಗೆಮನೆಯ ಪಾತ್ರೆಗಳನ್ನೆಲ್ಲ ಗಂಡನ ತಲೆಗೆ ಒಂದೊಂದಾಗಿ ಹಾಕಿ ನೋಡಿ, ಬರೊಬ್ಬರಿ ಕೂತ ಹಿತ್ತಾಳೆ ಬೋಗೋಣಿಯನ್ನು ಆರಿಸಿ ಕೊಟ್ಟರು. ಅಕ್ಕುತಾಯಿ ಅದರ ಮೇಲೆ ಹೊಲಿದಳು. ಬೋಗೋಣಿಗೆ ಟೊಪ್ಪಿಗೆ ಎಷ್ಟು ಒಪ್ಪಿತೆಂದರೆ ಅದನ್ನೇ ಅಧ್ಯಕ್ಷ ಮಾಡಬಹುದಿತ್ತು. ಆದರೆ ಬೋಗೋಣಿ ದುಂಡಗಿರುತ್ತದೆ, ಮನುಷ್ಯನ ತಲೆ ಉದ್ದಕ್ಕಿರುತ್ತದೆ. ಹಣೆಗೆ ಕಚ್ಚಿ, ಕಿವಿಯ ಬಳಿ ಬಾಯಿ ತೆರೆದ ಟೊಪ್ಪಿಗೆ ಸಾಹುಕಾರರು ಹೂಂ ಎಂದರೆ ಎಡಕ್ಕೆ, ಊಹೂಂ ಎಂದರೆ ಬಲಕ್ಕೆ ತಿರುಗುತ್ತಿತ್ತು. ಹಳ್ಳದಾಚೆ ಹೋಗಿಬಂದ ಬೋಗೋಣಿ ಮತ್ತೆ ಅಡುಗೆಮನೆಗೆ ಹೋಗಲಿಲ್ಲ. ಎಮ್ಮೆಗೆ ಹಿಂಡಿ ನೆನೆಸಲು ಇಟ್ಟುಕೊಂಡರು.

"ಆ ಹೆಂಗಸಿಗೆ ಟೊಪಗಿ ಹೆಣ್ಯಾಕ ಎಲ್ಲಿ ಬರತೈತಿ? ಬುಟ್ಟಿ ಹೆಣಿಯೋ ಕೈ ಅದು" ಎಂದು ಸಾಹುಕಾರರು ಕಂಡಕಂಡವರಿಗೆ ಹೇಳಿದರು. ಅದು ಹಳ್ಳ ದಾಟಲು ಅರ್ಧ ದಿನ ಸಾಕಾಯಿತು. ನಾನು ಮೂರನೆಯ ಅಳತೆಯ ಮಾತಿಗೆ ಹೋದಾಗ ಅಕ್ಕುತಾಯಿ ಸೂಜಿ ಕೆಳಗಿಟ್ಟಳು.

"ಎರಡ ಸಲ ಅಳತಿ ಕೆಟ್ಟಿತ್ರಿ ಮಾಸ್ತರ್ರ. ಕೆಟ್ಟಿದ್ದು ಮಾತ್ರ ನನ್ನ ಹೆಸರು. ಇನ್ನ ತಲಿ ಮುಟ್ಟಿ ಅಳತಿ ಮಾಡದ ಟೊಪಗಿ ಹೊಲಿಯಂಗಿಲ್ರಿ. ಯಾರದs ಇರ್ಲಿ."

"ರಾಜಾರಾಮನ ಕೆಲಸ?" ಎಂದೆ.

"ಹೋಗೂದಿದ್ರ ಹೋಗ್ಲಿರಿ. ಅಂವಗೂ ಹೇಳೇನಿ."

ಸಾಹುಕಾರರು ಅಂದೇ ರಾಜಾರಾಮನಿಗೆ ತೋಟಕ್ಕೆ ಬರಬೇಡ ಎಂದರು. ಅವನು ಹೋಗಲಿಲ್ಲ. ಅವಳು ಸೂಜಿ ಎತ್ತಲಿಲ್ಲ. ಸಭೆಗೆ ಆರು ದಿನ ಉಳಿದಿತ್ತು. ಆಗ ನನ್ನೊಳಗಿನ ಸಮಾಜ ಸುಧಾರಕ ಎದ್ದು ಕೂತ. ಸಾಹುಕಾರರ ಮನೆಗೆ ಹೋಗಿ ಒಂದು ತಾಸು ಬೋಧಿಸಿದೆ. ಇಂಥ ಅವಕಾಶ ಮಾಸ್ತರನಿಗೆ ಜನ್ಮಕ್ಕೊಮ್ಮೆ ಬರುತ್ತದೆ.

"ಹೋದ ವರ್ಷ ನಮ್ಮ ಸಾಲಿಗೆ ಬಂದು ಎಲ್ಲಾರೂ ಒಂದs ಅಂತ ಭಾಷಣಾ ಮಾಡಿದ್ರೆಲ್ರಿ, ಸಾವಕಾರ್ರ? ಒಂದ ಬಟ್ಟ ತಾಕಿದ್ರ ತಲಿ ಏನ್ ಕರಗತೈತೇನ್ರಿ?"

"ಭಾಷಣಾ ಬ್ಯಾರೆ ಮಾಸ್ತರ, ತಲಿ ಬ್ಯಾರೆ" ಎಂದರು ಸಾಹುಕಾರರು.

"ಟೊಪಗಿ ಒಳಗ ಬೆವರ ಹೀರಾಕ ಚರ್ಮದ ಪಟ್ಟಿ ಹಾಕ್ತಾರ್ರಿ. ಅಥಣಿ ಚಪ್ಪಲಿ ಹೊಲಿಯೋರ ಕಡಿಂದ ತರ್ಸೇನಿ. ಸತ್ತ ದನದ ಚರ್ಮ ದಿನಾ ನಿಮ್ಮ ಹಣಿಗೆ ತಾಕತೈತಿ. ಜೀವಂತ ಮನಷ್ಯಾರ ಕೈ ತಾಕಬಾರದೇನ್ರಿ?"

ನನ್ನ ಮಾತಿಗೆ ನಾನೇ ಬೆರಗಾದೆ. ಸಾಹುಕಾರರು ಬೆರಗಾಗಲಿಲ್ಲ, ಗೋಡೆಯ ಕ್ಯಾಲೆಂಡರು ನೋಡಿದರು. ಧರ್ಮ ಒಂದು ಕಡೆ, ಕ್ಯಾಲೆಂಡರು ಒಂದು ಕಡೆ. ಮೂರು ದಿನದ ಮೇಲೆ ಕ್ಯಾಲೆಂಡರು ಗೆದ್ದಿತು. ರಾಜಾರಾಮನಿಗೆ ತೋಟಕ್ಕೆ ಬರಲು ಹೇಳಿಕಳಿಸಿದರು, ಅಕ್ಕುತಾಯಿಯನ್ನೂ ಕರೆಸಿದರು. ಪಡಸಾಲೆಗಲ್ಲ, ಕೊಟ್ಟಿಗೆಗೆ. ಅಪರಾಧಿ ಎಮ್ಮೆಯ ಎದುರು ಸ್ಟೂಲು ಹಾಕಿಕೊಂಡು, ಕಣ್ಣು ಮುಚ್ಚಿ ಕೂತರು.

ಅಕ್ಕುತಾಯಿ ಅವಸರ ಮಾಡಲಿಲ್ಲ. ಗರಿಯ ಪಟ್ಟಿಯೊಂದನ್ನು ಹಣೆಯಿಂದ ಕಿವಿಯ ಮೇಲೆ ಹಾಯಿಸಿ ಹಿಂದಕ್ಕೆ ತಂದು ಒಂದು ಗಂಟು ಹಾಕಿದಳು. ನೆತ್ತಿಗೆ ಅಂಗೈ ಇಟ್ಟು ಎತ್ತರ ನೋಡಿದಳು. ಎಡಗಿವಿಯ ಮೇಲೆ ಬೆರಳು ನಿಂತಿತು.

"ಇಲ್ಲಿ ಉಬ್ಬೈತ್ರಿ. ಸಣ್ಣಾವ್ರಿದ್ದಾಗ ಬಿದ್ದಿದ್ರೇನ್ರಿ?"

"ಬಾವ್ಯಾಗ" ಎಂದರು ಸಾಹುಕಾರರು, ಕಣ್ಣು ಮುಚ್ಚಿಕೊಂಡೇ. ನಲವತ್ತು ವರ್ಷ ಸಂಸಾರ ಮಾಡಿದ ಚನ್ನವ್ವನವರಿಗೂ ಅದು ಗೊತ್ತಿರಲಿಲ್ಲ.

ಅವಳು ಅತ್ತ ಹೋದದ್ದೇ ತಡ, ಸಾಹುಕಾರರು ಬಚ್ಚಲಿಗೆ ಹೋಗಿ ಎರಡು ಹಂಡೆ ಬಿಸಿನೀರು ಸುರಿದುಕೊಂಡರು. ಈ ಸುದ್ದಿಯನ್ನು ನಾನು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹೇಳಿದೆ, ಶಾಲೆಯಲ್ಲಿ ಹೇಳಿದೆ, ಚಿಕ್ಕೋಡಿಯ ಬೀಗರಿಗೆ ಹೇಳಿದೆ, ರಾಯಬಾಗಕ್ಕೆ ಮದುವೆಗೆ ಹೋದವನು ಪಂಕ್ತಿಯಲ್ಲಿ ಕೂತು ಅಭಿನಯಿಸಿಯೂ ತೋರಿಸಿದೆ. ನೀರು ಸುರಿದುಕೊಳ್ಳುವ ಭಾಗಕ್ಕೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಟೊಪ್ಪಿಗೆ ಮೂರು ದಿನದಲ್ಲಿ ಆಯಿತು. ಹೊಲಿದ ಮೇಲೆ ಹುಣಸೆ ಬೀಜದ ತೆಳ್ಳನೆಯ ಅಂಟು ಬಳಿದು, ಒದ್ದೆ ಇರುವಾಗಲೇ ನೆತ್ತಿಯಲ್ಲಿ ತಗ್ಗು ಒತ್ತಿ, ಮುಂದೆ ಚಿವುಟಿ, ಅಂಚಿಗೆ ಕೆಂಡದ ಇಸ್ತ್ರಿ ಆಡಿಸಿದ್ದಳು. ಎಡಗಿವಿಯ ಮೇಲೆ ಒಂದು ನೂಲಿನಷ್ಟು ಜಾಗ ಬಿಟ್ಟಿದ್ದಳು. ಹೊರಗಿನಿಂದ ಅದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಅಥಣಿಯ ಸಭೆಯಲ್ಲಿ ಸಾಹುಕಾರರು ಅದನ್ನು ಚಿವುಟಿದಲ್ಲೇ ಹಿಡಿದು ಎತ್ತಿ ಎಲ್ಲರಿಗೂ ನಮಸ್ಕಾರ ಮಾಡಿದರು. ಇಟಲಿಯದೇ ಎಂದು ಜನ ಅಂದುಕೊಂಡರು. ಅವರೇ, "ಅಲ್ರಿ, ನಮ್ಮೂರ ಅಕ್ಕುತಾಯಿ ಮಾಡಿದ್ದು" ಎಂದರಂತೆ. ಅಂದದ್ದು ಹೊಗಳಿಕೆಗೋ, ಇನ್ನೊಂದು ಟೊಪ್ಪಿಗೆ ಬಿಟ್ಟಿಯಾಗಿ ಸಿಗಲೆಂದೋ, ನನಗೆ ಗೊತ್ತಿಲ್ಲ.

ಮಾರ್ಚಿನ ಬಿಸಿಲಿಗೆ ಬೆಳೆಗಾರರು ಹಳ್ಳ ದಾಟತೊಡಗಿದರು. ದೊಡ್ಡವರು ಕೂತ ಮೇಲೆ ಸಣ್ಣವರಿಗೆ ಕೂರಲು ನಾಚಿಕೆ ಏನು? ಬೇವಿನ ಬುಡದ ಕಲ್ಲಿನ ಮೇಲೆ ಒಬ್ಬೊಬ್ಬರಾಗಿ ಕೂತು ತಲೆ ಕೊಡುತ್ತಿದ್ದರು. ಮನೆಗೆ ಹೋಗಿ ಯಾರು ಎಷ್ಟು ಹಂಡೆ ಸುರಿದುಕೊಂಡರೋ! ಅಂಗಳದ ತುಂಬ ಬೆಣ್ಣೆ ಬಣ್ಣದ ಟೊಪ್ಪಿಗೆಗಳು ಒಣಗುತ್ತಿದ್ದವು. ನನ್ನ ತಲೆಯಲ್ಲೂ ಕೂದಲು ಕಡಿಮೆಯಾಗಿ ಬಿಸಿಲು ತಟ್ಟುತ್ತಿತ್ತು. ಈ ಟೊಪ್ಪಿಗೆಯ ನಕ್ಷೆ ತೆಗೆದವನು ನಾನು, ಇವಳ ಪರವಾಗಿ ವಾದ ಮಾಡಿ ಗೆದ್ದವನೂ ನಾನೇ. ನನಗೊಂದು ಬೇಡವೇ? ಒಂದು ಭಾನುವಾರ ಹೋದೆ.

"ಬರ್ರಿ ಮಾಸ್ತರ್ರ" ಎಂದು ಅಕ್ಕುತಾಯಿ ನಿಜವಾದ ಸಂತೋಷದಿಂದ ಎದ್ದಳು. "ನಿಮಗ ಎಲ್ಲಾರ್ಕಿಂತ ಚಲೋದು ಮಾಡ್ತೀನ್ರಿ. ಕುಂದರ್ರಿ."

ಕೂತೆ. ಅವಳು ಗರಿಯ ಪಟ್ಟಿ ಹಿಡಿದು ಬಂದಳು. ಕೈ ಹಣೆಯ ಹತ್ತಿರ ಬಂತು. ಗಂಧಕದ, ಹುಣಸೆ ಅಂಟಿನ ವಾಸನೆ ಬಂತು. ನಾನು ಏನೂ ಯೋಚಿಸಲಿಲ್ಲ. ಯೋಚಿಸುವ ಮೊದಲೇ ನನ್ನ ಕೊರಳು ಹಿಂದಕ್ಕೆ ಸರಿದಿತ್ತು. ಒಂದು ಗೇಣು, ಹೆಚ್ಚಲ್ಲ. ಅವಳ ಕೈ ಗಾಳಿಯಲ್ಲಿ ನಿಂತಿತು.

"ಅಲ್ಲ, ಅಕ್ಕುತಾಯಿ... ಮನಿಗಿ ಹೋಗಿ ದಾರ ಹಿಡದು ಅಳತಿ ತರ್ತೀನಿ. ನಿನಗ್ಯಾಕ ತ್ರಾಸು" ಎಂದು ನನ್ನ ಬಾಯಿ ಹೇಳಿತು. ಮತ್ತೆ ಮುಂದಕ್ಕೆ ಬಾಗಬೇಕೆಂದುಕೊಂಡೆ, ಆಗಲಿಲ್ಲ. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಹಿಂದೆ ಆಗಿರಲಿಲ್ಲ, ಮುಂದೆಯೂ ಆಗಿಲ್ಲ.

ಅಕ್ಕುತಾಯಿ ಸಿಟ್ಟಾಗಲಿಲ್ಲ. ಪಟ್ಟಿಯನ್ನು ತನ್ನ ಬೆರಳಿಗೆ ನಿಧಾನ ಸುತ್ತಿಕೊಂಡಳು.

"ಸಾವಕಾರ್ರು ಎರಡ ಹಂಡೆ ನೀರ ಹೊಯ್ಕೊಂಡ್ರು ಅಂತ ಊರೆಲ್ಲಾ ಹೇಳಿ ನಗಿಸಿದ್ರೆಲ್ರಿ, ಮಾಸ್ತರ್ರ. ಹೊಯ್ಕೊಂಡಿದ್ದು ಖರೆ ಇರಬೇಕ್ರಿ. ಆದ್ರ ಅವ್ರು ಕುಂತಿದ್ರು."

ನಾನು ಎದ್ದೆ. ಅವಳು ನನ್ನ ಹಿಂದೆ ನಿಂತವರ ಕಡೆ ನೋಡಿ, "ಯಾರ ಪಾಳೀರಿ ಮುಂದಿಂದು?" ಎಂದಳು. ಕಾಗವಾಡದಿಂದ ಬಂದಿದ್ದ ಮಹಾವೀರನೆಂಬ ಬೆಳೆಗಾರ ತನ್ನ ಬಿಳಿ ಗಾಂಧಿ ಟೊಪ್ಪಿಗೆ ತೆಗೆದು ಮಡಿಚಿ ಕಿಸೆಯಲ್ಲಿಟ್ಟುಕೊಂಡು, ನಾನು ಬಿಟ್ಟುಕೊಟ್ಟ ಕಲ್ಲಿನ ಮೇಲೆ ಕೂತು, ಅವಳೆದುರು ತಲೆ ಬಗ್ಗಿಸಿದ.